ಮೊದಲ ಕೆಮ್ಮು

ಅಕ್ಟೋಬರ್ 9, ಬೆಳಿಗ್ಗೆ 6.10
ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿದ್ದೆ. ಕಿಟಕಿಯ ಗಾಜಿನ ಮೇಲೆ ಮಂಜು, ಅದರಾಚೆ ಬೀದಿದೀಪ ಕರಗಿದ ಬೆಣ್ಣೆಯಂತೆ. ಪಕ್ಕದಲ್ಲಿ ಇವಳ ಉಸಿರು. ಕೆಮ್ಮಿಲ್ಲ...

ಏಳು ವರ್ಷದ ಡೈರಿಗಳಲ್ಲಿ ಬರೆದಿಟ್ಟಿದ್ದೇನೆ. ಚಳಿ ಶುರುವಾದಾಗ ಇವಳು ಮೊದಲ ಸಲ ಕೆಮ್ಮುತ್ತಾಳೆ — ಅಕ್ಟೋಬರ್ 7, 11, 8, 10... ಮೂರು ವಾರಕ್ಕೆ ಊರೆಲ್ಲ ಕೆಮ್ಮುತ್ತದೆ. ಕಾಫ್ ಸಿರಪ್ ಕಂಪನಿಯ ಷೇರು ಏರುತ್ತದೆ. ಇವಳು ಕೆಮ್ಮಿದ ದಿನ ಕೊಳ್ಳುವುದು, ಫೆಬ್ರವರಿಯಲ್ಲಿ ಮಾರುವುದು. ಒಂದು ಸಲವೂ ಕೈಕೊಟ್ಟಿಲ್ಲ.

ಎದ್ದುಹೋದಳು. ಬಚ್ಚಲಲ್ಲಿ ನಲ್ಲಿ ಪೂರ್ತಿ ಬಿಟ್ಟ ಸದ್ದು, ಬಹಳ ಹೊತ್ತು.

ಅಕ್ಟೋಬರ್ 14
ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಲೆನ್ಸ್ ಉಜ್ಜಿದೆ. ಭಾಮೈದನ ಫೋನ್. ಬ್ರೋಕರ್ ಆಫೀಸಿನವನು, ನನ್ನನ್ನು ಕರೆಯುವುದೇ 'ಹವಾಮಾನ ಇಲಾಖೆ' ಎಂದು. ಮೋಡ ನೋಡಿ ಹೇಳುತ್ತೇನೆಂದು ಅವನ ನಂಬಿಕೆ. ಅವನ ಅಕ್ಕನ ಗಂಟಲು ನೋಡಿ ಎಂದು ಯಾವ ಬಾಯಲ್ಲಿ ಹೇಳಲಿ? ಇನ್ನೂ ಕಾಯೋಣ ಎಂದೆ.

ಅಕ್ಟೋಬರ್ 22
ಷೇರು ಏರತೊಡಗಿದೆ. ಅಂಗಡಿಗೆ ಬಂದವರೆಲ್ಲ ಕೆಮ್ಮುತ್ತಿದ್ದಾರೆ, ಇವಳೊಬ್ಬಳನ್ನು ಬಿಟ್ಟು. ಸಂಜೆ ಬರುವಾಗ ಐಸ್‌ಕ್ರೀಮ್ ತಂದೆ. ಬೇಡವೆಂದಳು. ಕರಗುವ ಮೊದಲು ನಾನೇ ತಿಂದೆ.

ಅಕ್ಟೋಬರ್ 31
ಮಧ್ಯಾಹ್ನ ಅಂಗಡಿಯಲ್ಲೇ ತೂಕಡಿಕೆ. ಕನಸಿನಲ್ಲಿ ಷೇರು ಚಾರ್ಟಿನ ಗೆರೆ ಗುಡ್ಡವಾಗಿತ್ತು. ಇವಳು ಮುಂದೆ ಹತ್ತುತ್ತಿದ್ದಳು, ಸದ್ದೇ ಇಲ್ಲ. ಕೂಗಿದೆ. ತಿರುಗಲಿಲ್ಲ.

ನವೆಂಬರ್ 19
ಹಲವು ದಿನ ಬರೆದಿಲ್ಲ. ಬೆಳಿಗ್ಗೆ ಬಕೆಟ್ ತುಂಬಿ ಹರಿಯುವ ಸದ್ದು. ನೀರು ಪೋಲು ಎಂದು ಗೊಣಗುತ್ತ ಬಚ್ಚಲ ಬಾಗಿಲು ತಳ್ಳಿದೆ. ಟವೆಲ್ ಬಾಯಿಗೊತ್ತಿಕೊಂಡು, ಬಗ್ಗಿ, ಕೆಮ್ಮುತ್ತಿದ್ದಳು. ಆಗಸ್ಟ್‌ನಿಂದಲೇ ಇದೆಯಂತೆ. ಬಂತು ಅನ್ನಿಸಿದಾಗಲೆಲ್ಲ ಇಲ್ಲಿಗೆ ಬಂದು ನಲ್ಲಿ ಬಿಡುತ್ತಿದ್ದಳಂತೆ. ಯಾಕೆ ಮುಚ್ಚಿಟ್ಟೆ ಎಂದೆ.

"ನಾನು ಕೆಮ್ಮಿದ್ರೆ ನಿಮ್ಮ ಮುಖ ಅರಳುತ್ತೆ ಕಣ್ರೀ. ಈ ವರ್ಷ ಅದನ್ನ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾಚಿಕೆ. ಅದಕ್ಕಿಂತ ಹೆಚ್ಚು ಹೆದರಿಕೆ. ಇವಳು ಎಷ್ಟು ಸೊರಗಿದ್ದಾಳೆ! ಒಂದೂವರೆ ತಿಂಗಳು ಕಿವಿಯನ್ನಷ್ಟೇ ಇಟ್ಟೆ, ಕಣ್ಣಿಡಲಿಲ್ಲ.

ನವೆಂಬರ್ 21
ಡಾಕ್ಟರಮ್ಮ ಹಿಂದಿನ ವರ್ಷಗಳ ವಿಚಾರ ಕೇಳಿದರು. ಡೈರಿಗಳನ್ನೇ ಮುಂದಿಟ್ಟೆ. ಇಷ್ಟು ಶಿಸ್ತಾಗಿ ಯಾವ ಗಂಡನೂ ಬರೆದಿಟ್ಟಿದ್ದು ನೋಡಿಲ್ಲ ಎಂದು ಮೆಚ್ಚಿಕೊಂಡರು. ಆಮೇಲೆ ಬೆರಳಿಟ್ಟು ಕೇಳಿದರು.

"ಪಕ್ಕದಲ್ಲಿ 102 ಅಂತ ಇದೆಯಲ್ಲ, ಜ್ವರಾನಾ?"

ಅಲ್ಲ, ಅವತ್ತಿನ ಷೇರಿನ ಬೆಲೆ ಎಂದೆ. ಅವರ ಪೆನ್ನು ನಿಂತಿತು. ಇವಳಿಗೆ ನಗು ಬಂತು, ನಗು ಕೆಮ್ಮಾಯಿತು. ಆಗಸ್ಟ್‌ನ ಕೆಮ್ಮು ಚಳಿಯದ್ದಲ್ಲ ಎಂದರು. ಸ್ಕ್ಯಾನ್ ಆಯಿತು. ರಿಪೋರ್ಟ್ ಸೋಮವಾರ.

ನವೆಂಬರ್ 24, ಸೋಮವಾರ, ಬೆಳಿಗ್ಗೆ 6.10
ಹನ್ನೊಂದಕ್ಕೆ ರಿಪೋರ್ಟ್. ಷೇರು ಕೈಮೀರಿತು ಎಂದು ಭಾಮೈದ ನಿನ್ನೆ ಪೇಚಾಡಿದ. ಹೋಗಲಿ ಬಿಡು ಎಂದೆ.

ಇವಳಲ್ಲಿ ಒಂದೇ ಮಾತು ಬೇಡಿಕೊಂಡಿದ್ದೇನೆ. ಕೆಮ್ಮು ಬಂದರೆ ನನ್ನೆದುರೇ ಕೆಮ್ಮು, ನನ್ನ ಮುಖ ನೋಡು. ನೋಡೋಣ ಎಂದಿದ್ದಳು.

ಗಾಜಿನ ಮೇಲೆ ಮಂಜು. ಪಕ್ಕ ಖಾಲಿ. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು...

ಇಲ್ಲ, ನಿಂತಿತು. ಹೆಜ್ಜೆ. ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದು, ನನ್ನ ಮುಖವನ್ನೇ ನೋಡುತ್ತ —