ಬೂದಿಗಲ್ಲಿಗೆ ನೀರು ಎಲ್ಲಿಂದ

ಜೂನ್ 6, ಶನಿವಾರ

ಪುಸ್ತಕದಂಗಡಿ ಎದುರಿನ ವಾಲ್ವಿನಲ್ಲಿ ಮತ್ತೆ ಸೋರಿಕೆ. ಮೂರನೇ ಸಲ. ಹೇಳಿ ಹೇಳಿ ಬಾಯಿ ನೋವು ಬಂತು. ಒತ್ತಡ ನೋಡಬೇಕಿತ್ತು — ಅಂಗಡಿಯ ಹಿಂದಿನ ನಲ್ಲಿಗೆ ಗೇಜ್ ಹಾಕಿದೆ. ಸರಿಯಾಗಿಯೇ ಇದೆ. ಹೊರಟು ಬರಬೇಕಿತ್ತು. ಬರಲಿಲ್ಲ.

ಗೋಡೆ ತುಂಬ ಡ್ರ್ಯಾಗನ್, ಮಾಟಗಾರರು, ಇಲ್ಲದ ದೇಶಗಳ ನಕ್ಷೆ. ಅಂಥ ಪುಸ್ತಕ ಬಿಟ್ಟು ಬೇರೇನೂ ಮಾರುವುದಿಲ್ಲವಂತೆ. ಅಂಗಡಿಯಾಕೆ, ಕನ್ನಡಕ ತಲೆಯ ಮೇಲೆ, "ನೋಡಿ ಮೇಡಂ, ನೋಡೋಕೇನು ದುಡ್ಡಿಲ್ಲ" ಅಂದಳು. ಬೂದಿಗಲ್ಲು ಅನ್ನುವ ಕೋಟೆಯ ಕಥೆ ಕೊಂಡೆ. ಆಫೀಸ್ ಫೈಲಿನ ರಟ್ಟು ಹೊದಿಸಿ ಬ್ಯಾಗಿಗೆ ತುರುಕಿದೆ. ಐವತ್ತೆರಡು ವಯಸ್ಸು, ನೀರು ಸರಬರಾಜಿನ ಎಂಜಿನಿಯರ್... ಕಳ್ಳಿಯ ಹಾಗೆ.

ಜೂನ್ 9, ಮಂಗಳವಾರ

ಕೋಟೆ ಬೆಟ್ಟದ ತುದಿಯಲ್ಲಿ. ಒಂಬೈನೂರು ಅಡಿ. ಒಳಗೆ ನಾಲ್ಕು ಸಾವಿರ ಜನ. ಏಳು ವರ್ಷ ಶತ್ರುಗಳ ಮುತ್ತಿಗೆ. ಡ್ರ್ಯಾಗನ್ ಇದೆ, ಒಪ್ಪಿದೆ. ಸತ್ತ ರಾಜ ಎದ್ದು ಬಂದ, ಅದಕ್ಕೂ ನನ್ನ ತಕರಾರಿಲ್ಲ. ನೀರು ಎಲ್ಲಿಂದ? ಬಾವಿ ಇಲ್ಲ, ಕೆರೆ ಇಲ್ಲ. ನದಿ ಬುಡದಲ್ಲಿ, ಶತ್ರುವಿನ ಕೈಯಲ್ಲಿ. ತಲೆಗೆ ಹತ್ತು ಲೀಟರ್ ಅಂದರೂ ದಿನಕ್ಕೆ ನಲವತ್ತು ಸಾವಿರ...

ಯಜಮಾನರು ಇಣುಕಿದರು. "ಆಫೀಸ್ ಕೆಲಸ ಮನೆಗೂ ತಂದ್ಯಾ?"

"ಹೂಂ. ಹೊಸ ಕೋಟೆ... ಬಡಾವಣೆ."

ಮದುವೆಯ ಹೊಸದರಲ್ಲಿ ತವರಿಂದ ಟ್ರಂಕ್ ತುಂಬ ಇಂಥವೇ ಪುಸ್ತಕ ತಂದಿದ್ದೆ. ಇವರು ಅತ್ತೆ, ನಾದಿನಿಯರ ಮುಂದೆ ಒಂದು ಪುಟ ರಾಗವಾಗಿ ಓದಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮರುವಾರ ಟ್ರಂಕ್ ರದ್ದಿಯವನ ಪಾಲಾಯಿತು. ಯಾರೂ ಹೇಳಿರಲಿಲ್ಲ, ನಾನೇ ಕೊಟ್ಟೆ. ಇವರಿಗೆ ನೆನಪೂ ಇರಲಿಕ್ಕಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜೂನ್ 13, ಶನಿವಾರ

ಅಂಗಡಿಗೆ ಹೋದೆ. ವಾಲ್ವ್ ನೆಪ. ಬಾಗಿಲ ಹತ್ತಿರ ಒಂದು ಪ್ರಶ್ನೆ ಡಬ್ಬಿ — ಓದುಗರು ಚೀಟಿ ಹಾಕಬೇಕು, ತಿಂಗಳ ಮೊದಲ ಶನಿವಾರ ಎಲ್ಲರೂ ಕೂತು ಚರ್ಚೆ. ಬ್ಯಾಗಿನಲ್ಲಿ ಸಿಕ್ಕ ಹಾಳೆಯಲ್ಲಿ ನೀರಿನ ಪ್ರಶ್ನೆ ಗೀಚಿ ಹಾಕಿ ಬಂದೆ. ಹೆಸರು ಬರೆಯಲಿಲ್ಲ, ಸದ್ಯ.

ಜೂನ್ 15, ಸೋಮವಾರ

ಗ್ರಹಚಾರ. ದೂರು ಗುಮಾಸ್ತರು ರಿಜಿಸ್ಟರ್ ಹಿಡಿದು ಬಂದರು. ಇಪ್ಪತ್ತು ವರ್ಷದ ಸರ್ವಿಸ್, ನಕ್ಕಿದ್ದು ಕಂಡವರಿಲ್ಲ.

"ಮೇಡಂ, ಬೂದಿಗಲ್ಲು ಯಾವ ವಾರ್ಡಿಗೆ ಬರುತ್ತೆ?"

ಪೆನ್ನು ಕೆಳಗಿಟ್ಟೆ. "ಯಾಕೆ?"

"ಪುಸ್ತಕದಂಗಡಿಯಿಂದ ಫೋನ್ ಬಂದಿತ್ತು. ನಮ್ಮ ಫಾರಂನಲ್ಲೇ ದೂರು ಸಿಕ್ಕಿದೆಯಂತೆ, ಯಾರು ಬರೆದಿದ್ದು ಅಂತ ಕೇಳಿದ್ರು. ನಾಲ್ಕು ಸಾವಿರ ಜನಕ್ಕೆ ಏಳು ವರ್ಷದಿಂದ ನೀರಿಲ್ಲವಂತೆ. ಏಳು ವರ್ಷ ಮೇಡಂ... ಪೇಪರಿನವರಿಗೆ ಗೊತ್ತಾದ್ರೆ ನಮ್ಮ ಕಥೆ ಮುಗೀತು."

ಬ್ಯಾಗಿನಲ್ಲಿ ಸಿಕ್ಕ ಹಾಳೆ — ನಮ್ಮದೇ ದೂರಿನ ಫಾರಂ. ಕೆಳಗೆ ಆಫೀಸಿನ ನಂಬರ್. ಕೈ ತನ್ನ ಪಾಡಿಗೆ ಒಂದೊಂದೇ ಕಲಂ ತುಂಬಿದೆ: ವಿಳಾಸ, ಎತ್ತರ, ಜನಸಂಖ್ಯೆ. 'ತುರ್ತು' ಅಂತ ಎರಡು ಅಡಿಗೆರೆ ಬೇರೆ.

"ಯಾರೋ ಕೆಲಸವಿಲ್ಲದವರು ತಮಾಷೆ ಮಾಡಿದಾರೆ. ಸುಳ್ಳು ದೂರು ಅಂತ ಬರೆದು ಮುಚ್ಚಿ" ಅಂದೆ.

ಮುಚ್ಚಿದರು. ಸಹಿ ನಾನೇ ಹಾಕಿದೆ.

ಜೂನ್ 30, ಮಂಗಳವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಪುಸ್ತಕ ಮುಟ್ಟಿಲ್ಲ. ವಾಲ್ವ್ ರಿಪೇರಿ ಆಯಿತು, ಆ ಬೀದಿಗೆ ಹೋಗಲು ನೆಪವೂ ಇಲ್ಲ.

'ಸುಳ್ಳು ದೂರು', ಕೆಳಗೆ ನನ್ನ ಸಹಿ. ಕಣ್ಣಿಗೆ ಕಟ್ಟಿದ ಹಾಗಿದೆ. ಟ್ರಂಕನ್ನು ಎರಡನೇ ಸಲ ರದ್ದಿಗೆ ಹಾಕಿದೆ. ಈ ಸಲ ಯಾರೂ ನಕ್ಕಿರಲೂ ಇಲ್ಲ. ನನ್ನ ಮೇಲೇ ಸಿಟ್ಟು.

ಆದರೂ... ಮಳೆನೀರಿನ ತೊಟ್ಟಿ ಇದ್ದಿದ್ದರೆ? ಛಾವಣಿಯ ವಿಸ್ತೀರ್ಣ ಎಷ್ಟು?

ಜುಲೈ 4, ಶನಿವಾರ

ಬೆಳಿಗ್ಗೆಯೇ ರಿಜಿಸ್ಟರ್ ತರಿಸಿದೆ. 'ಸುಳ್ಳು' ಹೊಡೆದು ಹಾಕಿ ಬರೆದೆ: ದೂರು ಮತ್ತೆ ತೆರೆಯಲಾಗಿದೆ. ದೂರುದಾರರು — ನಾನೇ.

ಗುಮಾಸ್ತರು ಎರಡು ಸಲ ಓದಿದರು. "ಹಾಗಾದ್ರೆ ವಾರ್ಡು ಯಾವುದು ಮೇಡಂ?"

"ಅದು ಕಥೆಪುಸ್ತಕದಲ್ಲಿದೆ ಕಣ್ರೀ. ಊರೇ ಇಲ್ಲ."

ರಿಜಿಸ್ಟರ್ ಮುಚ್ಚಿ ಕಂಕುಳಿಗೆ ಸೇರಿಸಿದರು. "ಊರು ಇಲ್ಲದಿದ್ರೂ ಜನಕ್ಕೆ ನೀರು ಬೇಕಲ್ಲ" ಅಂದು ಹೊರಟುಹೋದರು.

ಸಂಜೆ ಅಂಗಡಿ. ಹನ್ನೊಂದು ಕುರ್ಚಿ. ನನ್ನ ಫಾರಂಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. "ಇದನ್ನ ಬರೆದ ಪುಣ್ಯಾತ್ಮರು ಯಾರೋ, ಮೂರು ವಾರದಿಂದ ನಮ್ಮೆಲ್ಲರ ನಿದ್ದೆ ಕೆಡಿಸಿದಾರೆ" ಅಂದಳು ಅಂಗಡಿಯಾಕೆ. ಕೈ ಎತ್ತಿದೆ.

ಯಾರೂ ನಗಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಮಳೆನೀರಿನ ತೊಟ್ಟಿ ಅಂತ ನಾನು ವಾದ ಮಾಡ್ತಿದೀನಿ. ಸಾಲುತ್ತಾ ಮೇಡಂ?" ಎರಡು ಗಂಟೆ ಮಾತಾಡಿದೆ. ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ.

ಮನೆಗೆ ಬಂದು ರಟ್ಟು ಕಿತ್ತೆಸೆದೆ. ಡ್ರ್ಯಾಗನ್ ಕಾಣುವ ಹಾಗೆ ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟೆ. ನಗುವವರು ನಗಲಿ. ಇವರು ನೋಡಿದರು.

ಜುಲೈ 5, ಭಾನುವಾರ, ಬೆಳಿಗ್ಗೆ 7

ಪುಸ್ತಕ ಮೇಜಿನ ಮೇಲಿಲ್ಲ. ರದ್ದಿ ಚೀಲವನ್ನೂ ತಡಕಿಬಿಟ್ಟೆ, ಸಣ್ಣಬುದ್ಧಿ ನನ್ನದು.

ಕಕ್ಕಸಿನ ಬಾಗಿಲು ಹಾಕಿದೆ. ಇವರು ಅರ್ಧ ಗಂಟೆಯಿಂದ ಒಳಗೇ. ಪುಟ ಮಗುಚುವ ಸದ್ದು.

"ಲೇ, ಇದ್ದೀಯಾ?" ಒಳಗಿನಿಂದ. "ಅಂಚಲ್ಲಿ ನೀನು ಗೀಚಿದ ನೀರಿನ ಲೆಕ್ಕ ಹಾಗಿರಲಿ. ನಾಲ್ಕು ಸಾವಿರ ಜನ... ಇವರ ಕಕ್ಕಸಿಂದೆಲ್ಲ ಎಲ್ಲಿಗೆ ಹೋಗುತ್ತೆ?"

ಅಯ್ಯೋ. ಬರುವ ನೀರನ್ನೇ ನೋಡುತ್ತ ಕೂತೆ, ಹೋಗುವುದನ್ನು ಯೋಚಿಸಲೇ ಇಲ್ಲ.

"ಪುಸ್ತಕ ಕೊಡಿ ಇಲ್ಲಿ, ನಕ್ಷೆ ನೋಡಬೇಕು."

"ತಡಿ, ಅಧ್ಯಾಯ ಮುಗೀಲಿ."

ಕೊಡುವ ಹಾಗೆ ಕಾಣುವುದಿಲ್ಲ. ನೆನಪಿನಿಂದಲೇ ಗೀಚುತ್ತಿದ್ದೇನೆ. ಪೂರ್ವದ ಗೋಡೆಯಲ್ಲಿ ಒಂದು ಕಿಂಡಿ ಇದೆ. ಇಳಿಜಾರೂ ಆ ಕಡೆಗೇ. ಶತ್ರುಗಳು ಡೇರೆ ಹಾಕಿದ್ದೂ ಅಲ್ಲೇ... ಅಂದರೆ ಏಳು ವರ್ಷ ಅವರ ತಲೆಯ ಮೇಲೆ —