ಒಂದೇ ತಂತಿಯ ಎರಡು ಮನೆ

ಸಿಕಂದರಾಬಾದ್
೧೯ ಮೇ ೨೦೨೪

ಪ್ರೀತಿಯ ಅವ್ವನಿಗೆ ನೀಲಾಳ ನಮಸ್ಕಾರ.

ಬೀದರಿನ ಗಾಳಿಗೆ ನಿನ್ನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ತಮ್ಮ ಶ್ರೀಹರ್ಷ ಹೇಳಿದ. ಅವನ ಮನೆಯಲ್ಲಿ ಇನ್ನೊಂದು ವಾರ ಇರು, ಇಲ್ಲಿ ರಿಪೇರಿಯ ಧೂಳು ಇನ್ನೂ ಇಳಿದಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಕ್ಕನ ಹೆಸರು ಬಂದ ಕೂಡಲೇ ನೀನು 'ಇರಲಿ ಬಿಡು' ಎಂದು ಫೋನು ಇಟ್ಟುಬಿಡುತ್ತೀ. ಕಾಗದವಾದರೆ ಕೊನೆಯತನಕ ಓದುತ್ತೀ ಎಂದು ನಂಬಿದ್ದೇನೆ.

ಹೋದ ಸೋಮವಾರ ಲಹರಿಯ ಕೋಣೆಯಲ್ಲಿ ಗೋಡೆಯ ಗಿಲಾವು ಕೀಳಿಸಿದೆವು. ವೈರಿಂಗ್ ಹೊಸದು ಮಾಡಲು ಬಂದವರು ಮಾಣಿಕಪ್ಪ, ಹುಮನಾಬಾದ್ ಕಡೆಯ ಹಿರಿಯರು. ಒಳಗೆ ಮರದ ಪಟ್ಟಿ, ಪಟ್ಟಿಯಲ್ಲಿ ಬಟ್ಟೆ ಸುತ್ತಿದ ಕರಿಯ ತಂತಿ. ನಮ್ಮ ಮೇನ್ ಸ್ವಿಚ್ ಆರಿಸಿದ್ದರೂ ಅದರಲ್ಲಿ ಕರೆಂಟು ಇತ್ತು; ಟೆಸ್ಟರಿನ ದೀಪ ಹೊತ್ತಿತು. ಸ್ಕ್ರೂಡ್ರೈವರಿನ ತುದಿ ತಾಗಿದ್ದಷ್ಟೇ, ತಂತಿಯ ರಬ್ಬರು ವಿಭೂತಿಯ ಹಾಗೆ ಉದುರಿತು. ಪಟ್ಟಿ ಒಂದು ಗೇಣು ಉದ್ದ ಸುಟ್ಟು ಇದ್ದಿಲಾಗಿತ್ತು. ಸರಿಯಾಗಿ ಅಲ್ಲೇ ನಿನ್ನ ಮೊಮ್ಮಗಳ ದಿಂಬು ಇರುತ್ತದೆ, ಅವ್ವಾ.

ಮಾಣಿಕಪ್ಪ ಕೆಲಸ ಬಿಟ್ಟು ಕೆಳಗೆ ಕುಳಿತರು. "ಬಾಯಾರ, ಇದು ನಾಕ ಬಲ್ಬಿನ ಮನೀಗೆ ಹಾಕಿದ್ದ ತಂತಿ. ಎರಡೂ ಮನಿ ಇದರ ಮ್ಯಾಲೇ ನಡ್ಯಾಕತ್ತಾವ. ನಿಮ್ಮ ಎಸಿ ಒಂದ ಇದಕ್ಕ ಭಾಳ ಆತು. ಆ ಕಡೆಯವ್ರೂ ಏನರ ಹಚ್ಚಿದ್ರ ಎಂದೋ ಉರದ ಹೋಗ್ತಿತ್ತು. ಯಾರೋ ಇದರ ಮ್ಯಾಲ ಭಾರ ಬೀಳದಂಗ ಕಾಯ್ಕೋತ ಕುಂತಾರ್ರಿ."

ಆ ಕೊನೆಯ ಮಾತು ಆಗ ನನಗೆ ಅರ್ಥವಾಗಲಿಲ್ಲ. ತಂತಿಯ ಸಂಗತಿ ಮಾತ್ರ ಅವರು ತಿಳಿಸಿ ಹೇಳಿದರು. ಅಜ್ಜ ಮನೆ ಕಟ್ಟಿಸಿದಾಗ ಕಂಬದಿಂದ ಬಂದದ್ದು ಒಂದೇ ತಂತಿ. ಅದು ಈಗ ವಾಸುದೇವ ಕಕ್ಕನ ಪಡಸಾಲೆಯ ಕಬ್ಬಿಣದ ಪೆಟ್ಟಿಗೆಗೆ ಇಳಿದು, ಅಲ್ಲಿಂದ ಗೋಡೆಯೊಳಗೆ ನಮ್ಮ ಕಡೆ ಬರುತ್ತದೆ. ಅಪ್ಪ, ಕಕ್ಕ ಅಣ್ಣತಮ್ಮಂದಿರು ಮುನಿದುಕೊಂಡು ಮನೆಯನ್ನು ಎರಡು ಪಾಲು ಮಾಡಿದಾಗ ಮೀಟರು ಎರಡಾದವು, ತಂತಿ ಒಂದೇ ಉಳಿಯಿತು. ಅದನ್ನು ತೆಗೆದು ಎರಡು ಬೇರೆ ಸಂಪರ್ಕ ಪಡೆಯಲು ಎರಡೂ ಮನೆಯವರ ಸಹಿ ಬೇಕು.

ಕಕ್ಕನ ಮನೆಯದು ಇಪ್ಪತ್ತಾರು ವರ್ಷ ನಾವು ತುಳಿಯದ ಹೊಸ್ತಿಲು. ಅಪ್ಪ ತೀರಿಕೊಂಡ ದಿನ ಕಕ್ಕ ನಮ್ಮ ಬಾಗಿಲವರೆಗೆ ಬಂದು ನಿಂತಿದ್ದರು. ಯಾರೂ ಒಳಗೆ ಕರೆಯಲಿಲ್ಲ. ಆ ಮುಖ ನೆನೆದು ಅವತ್ತು ಹೋಗಲಿಲ್ಲ. ಆದರೂ ಮರುದಿನ ಮಧ್ಯಾಹ್ನ ಅರ್ಜಿ ಹಿಡಿದು ಹೋದೆ.

ಶಾರದಾ ಚಿಗವ್ವ ಬಾಗಿಲು ತೆರೆದರು. ಕಕ್ಕ ಕೂಲರಿನ ಮುಂದೆ ಬನಿಯನ್ ಹಾಕಿಕೊಂಡು ಕುಳಿತಿದ್ದರು. ನನ್ನನ್ನು ಕಂಡದ್ದೇ ಗಡಬಡಿಸಿ ಎದ್ದು ಸ್ವಿಚ್ಚಿನ ಕಡೆ ನಡೆದರು. "ಎಸಿ ಹಚ್ಚತೀರೇನ ನೀಲವ್ವ? ನಿನ್ನೆಯಿಂದ ಸಪ್ಪಳ ಇರಲಿಲ್ಲ, ಅದಕ್ಕ ನಾ ಇದನ್ನ ಹಚ್ಚೀನಿ. ಈಗ ಬಂದ್ ಮಾಡ್ತೀನಿ, ತಡಿ."

ಇಷ್ಟು ವರ್ಷಗಳ ಮೇಲೆ ಅವರು ಆಡಿದ ಮೊದಲ ಮಾತು ಅದು. ಮಾಣಿಕಪ್ಪ ಹೇಳಿದ, ತಂತಿ ಕಾಯುತ್ತ ಕುಳಿತವರು ಯಾರೆಂದು ಅಲ್ಲೇ ನನಗೆ ಅರ್ಥವಾಯಿತು.

ಉಳಿದದ್ದನ್ನು ಚಿಗವ್ವ ಹೇಳಿದರು. "ನಿಮ್ಮ ಮನೀಗೆ ಮೊದಲನೇ ಕೂಲರ್ ಬಂದ ವರ್ಷ ಈ ಪೆಟ್ಟಿಗಿ ಸುಡಾಕತ್ತಿತ್ತು. ಅವತ್ತಿನಿಂದ ನಿಮ್ಮದು ಚಾಲೂ ಆದ್ರ ನಮ್ಮದು ಬಂದ್. ನೀವು ಕೆಲಸಕ್ಕ ಹೋದ ಮ್ಯಾಲೇ ನಾ ಹಿಟ್ಟ ರುಬ್ಬೂದು, ಇಸ್ತ್ರಿ ಮಾಡೂದು. ಬ್ಯಾಸಗ್ಯಾಗ ಕಿಡಕೀಗೆ ಹಸಿ ಚಾದರ ಕಟ್ಟತಿದ್ದಿವಿ."

ಕಕ್ಕ ಡಿಫೆನ್ಸ್ ಫ್ಯಾಕ್ಟರಿಯಲ್ಲಿ ದುಡಿದವರು, ತಂತಿಯ ತಾಕತ್ತು ಬಲ್ಲವರು. ಪೆಟ್ಟಿಗೆಯ ಮೇಲೆ ಅಂಗೈ ಅಗಲಕ್ಕೆ ಬಣ್ಣ ಸವೆದು ಹೋಗಿತ್ತು. ದಿನಕ್ಕೆ ಎಷ್ಟು ಸಲ ಕೈ ಇಟ್ಟು ನೋಡಿರಬೇಕು. ನಾವು ಕಿಟಕಿ ಬಾಗಿಲು ಹಾಕಿಕೊಂಡು ತಂಪಾಗಿ ಮಲಗಿದಾಗ, ಗೋಡೆಯ ಆಚೆ ಒಬ್ಬರು ಬೆವರುತ್ತ ನಮ್ಮ ಎಸಿಯ ಸದ್ದು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಜೊತೆ ಮಾತು ಬಿಟ್ಟವರು. ದೇವರ ಮನೆಯಲ್ಲೂ ನನಗೆ ಹೀಗೆ ಅನ್ನಿಸಿಲ್ಲ.

ಯಾಕೆ ಹೇಳಲಿಲ್ಲ ಕಕ್ಕಾ ಎಂದು ಕೇಳಿದೆ. "ಮೂರ ಸಲ ಅರ್ಜಿ ಬರದ ಕಳಿಸಿದ್ದೆ. ಸಹಿ ಆಗಲಿಲ್ಲ. ಕೂಸು ಮಲಗೂ ಕೋಣಿ ಅದು, ಹಂಗ ಬಿಡಾಕ ಬರತೈತೇನು?" ಎಂದರು. ಅಪ್ಪನ ಸಿಟ್ಟು ನನಗೆ ಗೊತ್ತಿದ್ದದ್ದೇ. ಅಪ್ಪನೇ ಸಹಿ ಹಾಕಿರಲಿಕ್ಕಿಲ್ಲ ಎಂದುಕೊಂಡು ತಲೆ ತಗ್ಗಿಸಿದೆ. ಕಕ್ಕ ನನ್ನ ಪೆನ್ನಿನಿಂದಲೇ ಸಹಿ ಮಾಡಿದರು.

ನಿನ್ನೆ ಲೈನ್‌ಮನ್‌ಗಳು ಬಂದು ಹಳೆಯ ತಂತಿ ಇಳಿಸಿದರು. ನನ್ನ ಕಿರುಬೆರಳಿನಷ್ಟೂ ದಪ್ಪ ಇರಲಿಲ್ಲ. ಎರಡು ಮನೆಗೆ ಎರಡು ಹೊಸ ಕೇಬಲ್ ಬಂದವು. ನಮ್ಮ ಎಸಿ, ಅವರ ಕೂಲರ್ ಮೊದಲ ಸಲ ಒಟ್ಟಿಗೆ ತಿರುಗಿದವು. ಕಕ್ಕ ಹೊಸ ಪೆಟ್ಟಿಗೆಯ ಮೇಲೆ ಬಹಳ ಹೊತ್ತು ಕೈ ಇಟ್ಟುಕೊಂಡು ನಿಂತರು. ಆಮೇಲೆ "ತಣ್ಣಗ ಐತಿ" ಎಂದರು. ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಲಹರಿ ಹೋಗಿ ಕಕ್ಕನ ಪಕ್ಕದಲ್ಲಿ ನಿಂತಳು. ಅವಳಿಗೆ ಅವರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಔಷಧಿ ತಪ್ಪಿಸಬೇಡ.

ನಿನ್ನ ಮಗಳು,
ನೀಲಾ

ತಾ.ಕ.: ಆ ಮೂರು ಅರ್ಜಿಗಳನ್ನು ಯಾರ ಕೈಗೆ ಕೊಟ್ಟಿದ್ದಿರಿ ಎಂದು ನಿನ್ನೆ ಕಕ್ಕನನ್ನು ಕೇಳಿದೆ. ಮರೆತುಹೋಗಿದೆ ಎಂದರು. ಚಿಗವ್ವ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು, ಮೂರು ಸಲವೂ ನಿನ್ನ ಕೈಗೇ ಅಂತೆ. ಅಪ್ಪ ಅವನ್ನು ನೋಡಿದ್ದರೇ ಎಂದು ನಾನು ಕೇಳುವುದಿಲ್ಲ, ಅವ್ವಾ. ಕಕ್ಕ ಮಾತ್ರ ಬೆಳಗಿನಿಂದ ಎರಡು ಸಲ ಕೇಳಿದರು, ವೈನಿ ಬೀದರಿನಿಂದ ಯಾವಾಗ ಬರುತ್ತಾರೆ, ಬಂದ ದಿನ ಊಟ ನಮ್ಮಲ್ಲೇ ಎಂದು.