ಹಿಂದಿನ ಗೇಟಿನ ಬೀಗದ ಕೈ ಇಟ್ಟುಕೊಂಡವರಿಗೆ

ಜಲಕ್ರೀಡಾ ಉದ್ಯಾನದ ವಾಹನ ನಿಲುಗಡೆ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಕಳೆದ ತಿಂಗಳ ಎರಡನೇ ಶನಿವಾರ ನಿಮ್ಮ ಹಿಂದಿನ ಗೇಟನ್ನು ಹದಿನೈದು ನಿಮಿಷ ತೆಗೆಯದೆ ಹೋದದ್ದರಿಂದ ನನ್ನ ಯಜಮಾನರ ಡಯಾಲಿಸಿಸ್ ತಪ್ಪಿತು. ಅವರು ಸಾಯುವುದೊಂದು ಬಾಕಿ ಉಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಚೇರಿಗೆ ನಾನು ಕೊಟ್ಟ ಮೂರು ಅರ್ಜಿಗಳನ್ನು ಯಾರೂ ಎರಡನೇ ಸಾಲಿನವರೆಗೆ ಓದಿದಂತೆ ಕಾಣಲಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಊರೆಲ್ಲ ಓದಲಿ ಅಂತ ಹೀಗೆ ಬಯಲಿಗಿಟ್ಟಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ತೊಂಬತ್ತೊಂದು ತೆಗೆದವಳು ನಾನು, ಅದು ಇಷ್ಟು ವರ್ಷಕ್ಕೆ ಒಂದು ಕೆಲಸಕ್ಕೆ ಬಂತು.

ನಾನು ಯಾರು ಎಂದು ನಿಮಗೆ ಚೆನ್ನಾಗಿಯೇ ಗೊತ್ತು. ರಾಜಾನುಕುಂಟೆಯ ಆಚೆ, ನಿಮ್ಮ ಪಾರ್ಕಿಂಗ್ ಜಾಗದ ಬೆನ್ನಿಗಿರುವ ಗಲ್ಲಿಯ ಕೊನೆಯ ಮನೆ ನಮ್ಮದು. ಮೊಬೈಲಿನಲ್ಲಿ ಒಬ್ಬ ಹುಡುಗನ ವಿಡಿಯೋ ಓಡಾಡುತ್ತಿದೆಯಲ್ಲ, ವಾಟರ್ ಪಾರ್ಕಿಗೆ ಹೋಗುವವರು ದುಡ್ಡು ಉಳಿಸಲು ಐದು ಉಪಾಯ ಅಂತ? ಟವೆಲ್ ಮನೆಯಿಂದಲೇ ತನ್ನಿ, ಯಲಹಂಕದಿಂದ ಬಸ್ಸು ಹಿಡಿಯಿರಿ, ಹೊಟ್ಟೆ ತುಂಬ ತಿಂದು ಬನ್ನಿ ಅಂತೆಲ್ಲ ಹೇಳಿ, ಕೊನೆಗೆ, "ಕಾರ್ ತಂದ್ರೆ ಒಳಗಡೆ ಮುನ್ನೂರು ರೂಪಾಯಿ ಸುರೀಬೇಡಿ ಗುರು, ಹಿಂದುಗಡೆ ಗಲ್ಲೀಲಿ ಒಬ್ರು ಆಂಟಿ ಇದಾರೆ, ಬರೀ ಐವತ್ತು" ಅನ್ನುತ್ತಾನೆ. ಆ ಆಂಟಿ ನಾನೇ. ಮೊದಲ ವಾರ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ವಿಡಿಯೋವನ್ನು ನೆಂಟರಿಗೆಲ್ಲ ಕಳಿಸಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಬಂಗಲೆ ಕಟ್ಟುತ್ತಿದ್ದೇನೆ ಅಂದುಕೊಂಡಿರಾ? ಯಜಮಾನರಿಗೆ, ಅಂದರೆ ಭೀಮರಾಜ್ ಅವರಿಗೆ, ಎರಡು ವರ್ಷದಿಂದ ಎರಡೂ ಕಿಡ್ನಿ ಇಲ್ಲದಂತಾಗಿದೆ. ಬುಧವಾರ ಮತ್ತು ಶನಿವಾರ ಸಂಜೆ ನಾಲ್ಕಕ್ಕೆ ಯಲಹಂಕದಲ್ಲಿ ಡಯಾಲಿಸಿಸ್. ಅದಕ್ಕೆ ಸರ್ಕಾರದ ಕಾರ್ಡಿದೆ. ಹೋಗಿಬರುವ ಆಟೋಗೆ ಯಾವ ಕಾರ್ಡೂ ಇಲ್ಲ, ಔಷಧಿ ಅಂಗಡಿಯವನಂತೂ ಕಾರ್ಡು ಮುಟ್ಟುವುದೇ ಇಲ್ಲ. ಯಶವಂತಪುರದ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಈರುಳ್ಳಿ ಮೂಟೆ ಹೊತ್ತ ಮನುಷ್ಯ ಈಗ ಹತ್ತು ಹೆಜ್ಜೆ ನಡೆದು ಗೋಡೆ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಕಾರು ನಿಲ್ಲಿಸಿದ ದುಡ್ಡಲ್ಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಆದರೆ ಕಾರುಗಳು ಬಂದವೆಂದರೆ ಆಟೋ ಒಳಗೆ ಬರಲು ಜಾಗವಿಲ್ಲ. ಕಾರು ಬರದಿದ್ದರೆ ಆಟೋಗೆ ದುಡ್ಡಿಲ್ಲ. ನನ್ನ ಸಂಸಾರ ಈ ಎರಡರ ನಡುವೆ ಸಿಕ್ಕಿಕೊಂಡಿದೆ ಸ್ವಾಮಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಬುಧವಾರ ಜನ ಕಡಿಮೆ, ಹೇಗೋ ಆಗುತ್ತದೆ. ಶನಿವಾರದ್ದೇ ಕಷ್ಟ. ಬಂದವರ ಕೀ ಇಸಿದುಕೊಂಡಿದ್ದರೆ ಬೇಕಾದಾಗ ಕಾರು ಸರಿಸಬಹುದಿತ್ತು, ನಿಜ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ. ಮೊದಲ ದಿನವೇ ನಮ್ಮ ಮಾವ ಮುನಿಯಣ್ಣನವರು, "ಬ್ಯಾರೆಯೋರ್ ಬೀಗದ್ಕೈ ನಮ್ ಮನೇಲ್ ಇಕ್ಕೋಬಾರ್ದು ಕಣಮ್ಮ. ಅವರ್ದು ಒಂದ್ ಏನಾರ ಕಳದೋದ್ರೆ ನಾವೇ ಕಳ್ರು ಅನ್ಸ್ಕತೀವಿ" ಎಂದರು. ಈ ಕಡೆಯ ಹಳೇ ಮನೆಗಳಲ್ಲೆಲ್ಲ ಇದೇ ಮಾತು. ಹಾಗಾಗಿ ಕಾರಿನ ನಂಬರು, ಫೋನ್ ನಂಬರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಕೀಯನ್ನು ಅವರ ಕೈಯಲ್ಲೇ ಬಿಡುತ್ತಿದ್ದೆ. ನೀರಾಟಕ್ಕೆ ಇಳಿಯುವವರು ಫೋನನ್ನು ಲಾಕರಿನಲ್ಲಿಟ್ಟು ಇಳಿಯುತ್ತಾರೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಆ ಶನಿವಾರ ಹನ್ನೊಂದು ಗಂಟೆಗೇ ಅಂಗಳ ತುಂಬಿತ್ತು. ಗಲ್ಲಿಯ ಎರಡೂ ಬದಿ ಅಕ್ಕಪಕ್ಕದವರು ನಿಲ್ಲಿಸಿಕೊಂಡ ಕಾರುಗಳು. ಆಗ ಯಶವಂತಪುರದಿಂದ ವೇಣುಗೋಪಾಲ್ ಎಂಬವರು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬಂದರು. ಚಿಕ್ಕ ಮಗು ಹಟ ಹಿಡಿದು ಅಳುತ್ತಿತ್ತು. "ಅರ್ಧ ಗಂಟೆ ಆಂಟಿ, ಇವ್ರನ್ನ ಒಳಗ್ ಬಿಟ್ಟು ಬಂದು ತೆಗೆದ್ಬಿಡ್ತೀನಿ" ಎಂದರು. ಗಲ್ಲಿಯ ಬಾಯಲ್ಲೇ ನಿಲ್ಲಿಸಿ ಎಂದು ನಾನೇ ಕೈ ತೋರಿಸಿದೆ. ಐವತ್ತು ರೂಪಾಯಿಯನ್ನೂ ಇಸಿದುಕೊಂಡೆ. ಅರ್ಧದಷ್ಟು ತಪ್ಪು ನನ್ನದು, ಇದನ್ನು ನೀವು ಎತ್ತಿ ಆಡುವ ಮೊದಲೇ ನಾನು ಒಪ್ಪಿಕೊಳ್ಳುತ್ತೇನೆ.

ಮೂರು ಗಂಟೆಗೆ ನಮ್ಮ ಖಾಯಂ ಆಟೋದ ಖುದ್ದೂಸ್ ಫೋನ್ ಮಾಡಿ, "ಅಕ್ಕಾ, ಬಿಳಿ ಕಾರ್ ಅಡ್ಡ ನಿಂತದೆ, ನನ್ ಆಟೋ ಇರ್ಲಿ, ಸೈಕಲ್ಲೂ ನುಗ್ಗಲ್ಲ" ಎಂದ. ವೇಣುಗೋಪಾಲ್ ಅವರಿಗೆ ಇಪ್ಪತ್ತು ಸಲ ಫೋನ್ ಮಾಡಿದೆ. ಎತ್ತಿದರೆ ಉಂಟೇ? ನಿಮ್ಮ ಮುಂದಿನ ಬಾಗಿಲಿಗೆ ಓಡಿದೆ. ಮೈಕಿನಲ್ಲಿ ಒಂದು ಕೂಗು ಕೂಗಿ, ಕಾರಿನವರು ಬರಲಿ ಎಂದು ಕೈ ಮುಗಿದೆ. ಕೌಂಟರಿನ ಹುಡುಗಿ ಬಲು ಮರ್ಯಾದೆಯಿಂದ, "ಸಾರಿ ಮೇಡಂ, ನಮ್ ಪಾರ್ಕಿಂಗ್‌ನಲ್ಲಿ ನಿಲ್ಸಿರೋ ವೆಹಿಕಲ್‌ಗೆ ಮಾತ್ರ ಅನೌನ್ಸ್ ಮಾಡೋದು" ಎಂದಳು. ಅದೇ ಹೊತ್ತಿಗೆ ಮೈಕಿನಲ್ಲಿ ಯಾರದೋ ನೀಲಿ ಚಪ್ಪಲಿ ಸಿಕ್ಕಿದೆ ಎಂದು ಮೂರು ಭಾಷೆಯಲ್ಲಿ ಕೂಗಿದರು. ಚಪ್ಪಲಿಗಿರುವ ಯೋಗ ನಮ್ಮ ಯಜಮಾನರಿಗೆ ಇಲ್ಲವಾಯಿತು, ಏನು ಮಾಡೋಣ?

ಅಲ್ಲಿಂದ ಹಿಂದಿನ ಗೇಟಿಗೆ ಬಂದೆ. ಅದು ನಮ್ಮ ಹೊಸ್ತಿಲಿನಿಂದ ಹದಿನೆಂಟು ಹೆಜ್ಜೆ. ಅದನ್ನು ತೆಗೆದರೆ ಆಟೋ ನಿಮ್ಮ ಜಾಗದೊಳಗಿಂದ ನೇರ ನಮ್ಮ ಬಾಗಿಲಿಗೇ ಬರುತ್ತದೆ. ನಿಮ್ಮ ಪಾರ್ಕಿಂಗಿನ ಮೂರನೇ ಒಂದು ಪಾಲು ನಮ್ಮ ಮಾವನವರ ರಾಗಿ ಹೊಲವಾಗಿತ್ತು, ಕೊಳ್ಳುವಾಗ ನಿಮ್ಮವರೇ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ, "ನಿಮ್ಮ ಓಡಾಟಕ್ಕೆ ಹಿಂದೆ ಒಂದು ಗೇಟ್ ಬಿಡ್ತೀವಿ" ಎಂದಿದ್ದರು. ಮನೆಯಲ್ಲಿ ಕಾಫಿ ಕುಡಿದವರ ಹತ್ತಿರ ಕಾಗದದಲ್ಲಿ ಬರೆದುಕೊಡಿ ಎಂದು ಹೇಗೆ ಕೇಳುವುದು? ಕೇಳಲಿಲ್ಲ. ಗೇಟನ್ನೇನೋ ಬಿಟ್ಟಿರಿ, ಸರಿ. ಮೇಲೊಂದು ಬೀಗವನ್ನೂ ಬಿಟ್ಟಿರಿ.

ಕಾವಲಿನವನು ಪಾಪ ಒಳ್ಳೆಯವನು. ನನ್ನೆದುರಿಗೇ ನಿಮಗೆ ಫೋನ್ ಹಚ್ಚಿದ. ಪೇಷಂಟ್ ಇದ್ದಾರೆ ಸಾರ್ ಎಂದ. ಆಗ ತಾವು ಅಪ್ಪಣೆ ಕೊಡಿಸಿದ ಮಾತು ಫೋನಿನಿಂದ ನನ್ನ ಕಿವಿಗೂ ಬಿತ್ತು. "ನಮ್ ಪಾರ್ಕಿಂಗ್ ಹಾಳ್ ಮಾಡ್ತಿರೋರು ಅವರೇ ಅಲ್ವೇನ್ರೀ? ದಾರೀನೂ ಅವರೇ ಮಾಡ್ಕೊಳ್ಳಿ." ಅವನು ತಲೆ ತಗ್ಗಿಸಿದ. ಗೇಟಿನ ಸರಳುಗಳ ಆಚೆ ನಿಮ್ಮ ಹಳದಿ ಗೆರೆಗಳು ಅರ್ಧಕ್ಕರ್ಧ ಖಾಲಿ ಬಿದ್ದಿದ್ದವು. ಮುನ್ನೂರು ರೂಪಾಯಿ ಕೊಡದ ಒಂದು ನಾಯಿ ಅಲ್ಲಿ ಹಾಯಾಗಿ ಮಲಗಿತ್ತು.

ದಾರಿ ಮಾಡಿಕೊಂಡೆವು ಸ್ವಾಮಿ, ತಮ್ಮ ಅಪ್ಪಣೆಯಂತೆಯೇ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಜಮಾನರನ್ನು ಕೂರಿಸಿ ನಾನೊಂದು ಕಡೆ, ಖುದ್ದೂಸ್ ಒಂದು ಕಡೆ ಎತ್ತಿದೆವು. ಎಪ್ಪತ್ತೆಂಟು ವರ್ಷದ ಮಾವ ಮುಂದೆ ಮುಂದೆ ಹೋಗಿ ಒಂದೊಂದೇ ಕಾರಿನ ಕನ್ನಡಿ ಮಡಚಿದರು. "ಬ್ಯಾಡ ಕಣೇ, ಎಲ್ರೂ ನೋಡ್ತಾವ್ರೆ, ಇಳ್ಸೇ" ಎಂದು ಯಜಮಾನರು ಮುಖ ಮುಚ್ಚಿಕೊಂಡರು. ಎರಡು ಕಡೆ ಕುರ್ಚಿ ತೂರಲಿಲ್ಲ. ಅಲ್ಲಿ ಇಳಿದು ಕಾದ ಬಾನೆಟ್ಟಿನ ಮೇಲೆ ಕೈಯೂರಿ ಜರುಗಿದರು. ಇನ್ನೂರು ಹೆಜ್ಜೆಯ ಗಲ್ಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಯಲಹಂಕ ಮುಟ್ಟುವಾಗ ಐದು ದಾಟಿತ್ತು. "ಏನ್ ಮಾಡ್ಲಮ್ಮ, ಮೆಷಿನ್ ಬೇರೆಯವರಿಗೆ ಕೊಟ್ಬಿಟ್ವಿ, ಸೋಮವಾರ ಬೆಳಗ್ಗೆ ಬನ್ನಿ" ಎಂದರು ಅಲ್ಲಿನ ಸಿಸ್ಟರ್. ಭಾನುವಾರ ಮಧ್ಯಾಹ್ನಕ್ಕೆ ಯಜಮಾನರ ಮುಖ, ಕಾಲು ಊದಿ, ಮಲಗಿದರೆ ಉಸಿರು ಸಿಗದೆ, ಎದ್ದು ಕೂತರೂ ಸಿಗದೆ, ನನ್ನ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ಮೂರು ದಿನ ಆಮ್ಲಜನಕದ ಮೇಲಿದ್ದು ಬದುಕಿ ಬಂದರು. ನನಗೆ ಜೀವಮಾನದಲ್ಲಿ ಅಷ್ಟು ಭಯ ಎಂದೂ ಆಗಿರಲಿಲ್ಲ.

ವೇಣುಗೋಪಾಲ್ ಆ ದಿನ ಆರು ಗಂಟೆಗೆ ಒದ್ದೆ ತಲೆಯಲ್ಲಿ ಬಂದು, ವಿಷಯ ಕೇಳಿ ಅಂಗಳದಲ್ಲೇ ಮಾವನವರ ಕಾಲು ಹಿಡಿದರಂತೆ. ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಾರೆ. ನಿಮ್ಮಿಂದ ಒಂದು ಫೋನೂ ಇಲ್ಲ.

ಕಾರು ನಿಲ್ಲಿಸಿಕೊಳ್ಳುವುದನ್ನು ಬಿಟ್ಟುಬಿಡಿ ಎನ್ನುತ್ತೀರಿ, ಗೊತ್ತು. ಬಿಟ್ಟರೆ ಆಟೋ ಬಾಡಿಗೆ ನೀವು ಕೊಡುತ್ತೀರಾ? ನಾನೊಬ್ಬಳು ಬಿಟ್ಟರೆ ಗಲ್ಲಿ ಖಾಲಿಯಾಗುತ್ತದೆಯೇ? ಮುನ್ನೂರು ಕೇಳಿ ಜನರನ್ನು ನಮ್ಮ ಬಾಗಿಲಿಗೆ ಅಟ್ಟಿದವರು ಯಾರು?

ಆಮೇಲಿನ ಶನಿವಾರಗಳ ಕಥೆ ಕೇಳಿ. ಮೊದಲ ಕಾರು ಬರುವ ಮುಂಚೆ, ಬೆಳಗ್ಗೆ ಎಂಟಕ್ಕೇ ಯಜಮಾನರನ್ನು ಕರೆದೊಯ್ದು ದೊಡ್ಡಬಳ್ಳಾಪುರ ರಸ್ತೆಯ ಬಸ್ ನಿಲ್ದಾಣದಲ್ಲಿ ಬೆನ್ನಿಗೊಂದು ದಿಂಬು ಕೊಟ್ಟು ಕೂರಿಸುತ್ತಿದ್ದೆ. ಅವರು ಮೂರರವರೆಗೆ ಅಲ್ಲೇ. ನಾನು ವಾಪಸು ಬಂದು ಅಂಗಳದಲ್ಲಿ ಕಾರು ನಿಲ್ಲಿಸಿಕೊಳ್ಳುತ್ತಿದ್ದೆ, ಅವರ ಆಟೋ ದುಡ್ಡಿಗೆ. ಹೋದ ಶನಿವಾರ ಯಾರೋ ಪುಣ್ಯಾತ್ಗಿತ್ತಿ ಬಸ್ಸಿಳಿದವಳು ಅವರ ಅಂಗೈಯಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಹೋಗಿದ್ದಾಳೆ. ನಾನು ಮೂರಕ್ಕೆ ಹೋದಾಗ ಅದನ್ನು ನನ್ನ ಮುಂದೆ ಹಿಡಿದು, "ತಗಾ, ಇದ್ನೂ ಆಟೋಗ್ ಸೇರ್ಸ್ಕೊ. ಇನ್ ಮ್ಯಾಕೆ ನಾನ್ ಅಲ್ಲಿ ಕೂರಾಕಿಲ್ಲ, ಸತ್ರೂ ಕೂರಾಕಿಲ್ಲ" ಎಂದರು. ಇಪ್ಪತ್ತೆರಡು ವರ್ಷ ಮೂಟೆ ಹೊತ್ತವರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ.

ನನಗೆ ನಿಮ್ಮ ಪರಿಹಾರ ಬೇಡ, ಕ್ಷಮೆಯೂ ಬೇಡ. ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಮೂರೂಕಾಲು, ಹಿಂದಿನ ಗೇಟು ತೆಗೆಸಿ. ಆಟೋ ಒಳಗೆ ಬಂದು ಹೋಗುವುದಕ್ಕೆ ನಿಮ್ಮ ಪೂರ್ತಿ ಶುಲ್ಕ ಮುನ್ನೂರು ರೂಪಾಯಿ ಕಟ್ಟುತ್ತೇನೆ, ಚೀಟಿ ಹರಿದು ಕೊಡಿ. ನಾಡಿದ್ದು ಶನಿವಾರ. ಅವರು ಬಸ್ ನಿಲ್ದಾಣಕ್ಕೆ ಬರುವುದಿಲ್ಲ, ಮನೆಯಲ್ಲೇ ಮಂಚದ ಮೇಲೆ ಇರುತ್ತಾರೆ. ಖುದ್ದೂಸ್ ನಿಮ್ಮ ಮುಂದಿನ ಬಾಗಿಲಿನಲ್ಲಿ ಆಟೋ ನಿಲ್ಲಿಸಿಕೊಂಡಿರುತ್ತಾನೆ. ನಾನು ಮೂರು ಗಂಟೆಗೆ ಗೇಟಿನ ಈಚೆ ದುಡ್ಡು ಹಿಡಿದು ನಿಂತಿರುತ್ತೇನೆ.

ಇಂತಿ,
ಆರು ಕಾರಿನ ಸಂಪಾದನೆಯನ್ನು ತಮಗೇ ಒಪ್ಪಿಸಲು ತಯಾರಾಗಿರುವ,
ಹದಿನೆಂಟು ಹೆಜ್ಜೆ ದೂರದ
ಕಲಾವತಿ ಭೀಮರಾಜ್